ಟೆಸ್ಟರ್ ಪೀಂ ಅಂದ ಕೂಡಲೇ ವಜ್ರ ಅಂತ ನಂಬಬೇಡಿ

ಮಗಳ ಮದುವೆಗೆ ಕಳೆದ ವರ್ಷ ಮಂಗಳೂರಿನ ಒಂದು ಚಿನ್ನದಂಗಡಿಯಲ್ಲಿ ಏಳು ಕಲ್ಲಿನ ಬೆಂಡೋಲೆ ತೆಗೆದೆ. ಎರಡೂ ಕಿವಿಯದ್ದು ಸೇರಿ 14 ಹರಳು. 1,62,000 ರೂಪಾಯಿ. 14ರಲ್ಲಿ ಒಂದೂ ವಜ್ರ ಅಲ್ಲ. ಮೊಯ್ಸನೈಟ್! ಲ್ಯಾಬಿನಲ್ಲಿ ಮಾಡಿದ ಸಿಲಿಕಾನ್ ಕಾರ್ಬೈಡ್ ಕಲ್ಲು.

ನಾನು ಕಣ್ಣು ಮುಚ್ಚಿ ತೆಗೆದವಳಲ್ಲ. "ಅಮೆರಿಕನ್ ಡೈಮಂಡ್ ಅಲ್ಲ ತಾನೇ?" ಅಂತ ಕೇಳಿಯೇ ಕೇಳಿದೆ. ಅಂಗಡಿಯವ ನಕ್ಕ. ಪೆನ್ನಿನ ಹಾಗಿರುವ ಟೆಸ್ಟರ್ ತಂದು ಒಂದೊಂದೇ ಹರಳಿಗೆ ತಾಗಿಸಿದ. ಪೀಂ, ಪೀಂ, ಪೀಂ. 14 ಸಲವೂ. "ನೋಡಿ ಅಕ್ಕಾ, ಮಿಷನ್ ಸುಳ್ಳು ಹೇಳ್ತದಾ?" ನಾನು ಹಣ ಎಣಿಸಿ ಕೊಟ್ಟೆ. ಈಗಲೂ ರಾತ್ರಿ ಮಲಗಿದರೆ ಆ ಶಬ್ದವೇ ಕೇಳ್ತದೆ.

ಆ ಪೆನ್ನು ನೋಡುವುದು ಕಲ್ಲು ಎಷ್ಟು ಬೇಗ ಶಾಖ ಎಳೆಯುತ್ತದೆ ಅಂತ ಮಾತ್ರ. ಅಮೆರಿಕನ್ ಡೈಮಂಡ್ ಅದರಲ್ಲಿ ಸಿಕ್ಕಿಬೀಳ್ತದೆ. ಮೊಯ್ಸನೈಟ್ ಹೆಚ್ಚುಕಡಿಮೆ ವಜ್ರದಷ್ಟೇ ಶಾಖ ಎಳೆಯುತ್ತದೆ, ಹಾಗಾಗಿ ಪಾಸ್. ಮೊಯ್ಸನೈಟ್ ಹಿಡಿಯಲಿಕ್ಕೆ ವಿದ್ಯುತ್ ಹರಿಯುವುದನ್ನೂ ನೋಡುವ ಟೆಸ್ಟರ್ ಬೇರೆ ಉಂಟು. ಅಂಗಡಿ ಇಟ್ಟವನಿಗೆ ಇದು ಗೊತ್ತಿಲ್ಲವಾ?

ತಿರುಪು ಸಡಿಲ ಆಯ್ತು ಅಂತ ಮಗಳು ಉಡುಪಿಯಲ್ಲಿ ಒಂದು ಕಡೆ ತೋರಿಸಿದಳು, ಅತ್ತೆಯೂ ಒಟ್ಟಿಗಿದ್ದರು. ಅಲ್ಲಿಯವರು ಲೆನ್ಸಿನಲ್ಲಿ ಹರಳನ್ನು ಓರೆಯಾಗಿ ಹಿಡಿದು ನೋಡಿ, "ಒಳಗಿನ ಅಂಚು ಎರಡೆರಡಾಗಿ ಕಾಣ್ತದೆ, ವಜ್ರದಲ್ಲಿ ಹೀಗೆ ಬರುವುದಿಲ್ಲ" ಅಂದರಂತೆ. ಅವಳ ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ಆಗ್ತಿತ್ತು ಮಾರಾಯ್ರೆ.

ಮರುದಿನವೇ ಅಂಗಡಿಗೆ ಹೋದೆ. "ಎಂತ ಅಕ್ಕಾ, ನಾವು ವಜ್ರ ಅಂತ ಬರೆದಿದ್ದೇವಾ? ಬಿಲ್ ನೋಡಿ." ನೋಡಿದೆ. 'ಸ್ಟೋನ್ 1.40 ಕ್ಯಾರೆಟ್'. ಅಷ್ಟೇ. ಹಾಲ್‌ಮಾರ್ಕ್ ಉಂಟಲ್ಲ ಅಂದೆ. "ಅದು ಚಿನ್ನಕ್ಕೆ." ಹೌದು, ಆ ಮುದ್ರೆ, ಒಡವೆಯ ಗುರುತಿನ ಆ ಎಚ್‌ಯುಐಡಿ ನಂಬರ್ ಎಲ್ಲ ಚಿನ್ನದ ಶುದ್ಧತೆಗೆ, ಕಲ್ಲಿಗಲ್ಲ. ವಾಪಸ್ ತಗೊಳ್ಳಿ ಅಂದರೆ, "ಚಿನ್ನದ ತೂಕಕ್ಕೆ ಕೊಡುವ, ಕಲ್ಲಿಗೆ ಎಂತ ಸಹ ಇಲ್ಲ." ಕಡೆಗೆ ಸ್ವರ ತಗ್ಗಿಸಿ, "ಹೊಳೀತದಲ್ಲ ಅಕ್ಕಾ, ಯಾರಿಗೆ ಗೊತ್ತಾಗ್ತದೆ?" ಯಾರಿಗೆ ಗೊತ್ತಾಗ್ತದೆಯಂತೆ! ನನ್ನ ಮಗಳ ಅತ್ತೆಗೆ ಗೊತ್ತಾಯ್ತಲ್ಲ!

ಮೊಯ್ಸನೈಟ್ ಕೆಟ್ಟ ಕಲ್ಲಲ್ಲ. ವಜ್ರದ ಗಡಸುತನ 10 ಆದರೆ ಅದರದ್ದು 9.25. ಮೊಯ್ಸನೈಟ್ ಅಂತ ಹೇಳಿ, ಅದರ ಬೆಲೆಗೆ ಕೊಟ್ಟಿದ್ದರೆ ಸಂತೋಷದಲ್ಲಿ ತೆಗೀತಿದ್ದೆ. ವಜ್ರದ ರೇಟು ಯಾಕೆ ಹಾಕಿದ?

ಬಿಲ್ಲಿನಲ್ಲಿ 'ನ್ಯಾಚುರಲ್ ಡೈಮಂಡ್' ಅಂತ ಬರೆಸದೆ ಒಂದು ರೂಪಾಯಿಯೂ ಕೊಡಬೇಡಿ. ಐಜಿಐ, ಜಿಐಎ ಅಂಥ ವಜ್ರ ಪರೀಕ್ಷಿಸುವ ಲ್ಯಾಬಿನ ಸರ್ಟಿಫಿಕೇಟ್ ಕೇಳಿ, ಅದರ ನಂಬರ್ ಹಾಕಿ ಆ ಲ್ಯಾಬಿನ ವೆಬ್‌ಸೈಟಿನಲ್ಲಿ ಅಲ್ಲೇ ಕೂತು ಮೊಬೈಲಿನಲ್ಲಿ ನೋಡಿ. "ನಮ್ಮ ಮೇಲೆ ನಂಬಿಕೆ ಇಲ್ವಾ ಅಕ್ಕಾ" ಅಂದರೆ ಎದ್ದು ಬನ್ನಿ. ನನಗೂ ಹಾಗೆಯೇ ಹೇಳಿದ್ದು, ನಾನು ಏಳಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆ ಬಿಲ್ ಜೋಪಾನ ಇಟ್ಟಿದ್ದೇನೆ.