ಸಮಯದ ನಿಖರತೆ: ಮೂರು ಜಿಪಿಎಸ್ ರಿಸೀವರ್‌ಗಳನ್ನು ಅಳೆದು ನೋಡಿದ ಮೇಲೆ

ನಿಖರವಾದ ಸಮಯವೇ ಬೇಕೆನ್ನುವವರು ಟೈಮಿಂಗ್ ರಿಸೀವರನ್ನೇ (ಸಮಯಕ್ಕೆಂದೇ ಮಾಡಿದ ಜಿಪಿಎಸ್ ರಿಸೀವರ್) ಕೊಳ್ಳಬೇಕು ಎಂಬುದು ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಯಲ್ಲಿ ಒಂದು ಮಳೆಗಾಲವಿಡೀ ಮೂರನ್ನು ಅಳೆದು ನೋಡಿದ ನನ್ನ ಅಭಿಪ್ರಾಯ. ಅಗ್ಗದವೆರಡನ್ನು, ಒಂದು ಯುಎಸ್‌ಬಿ ರಿಸೀವರ್ ಮತ್ತು ಒಂದು ಸಾಮಾನ್ಯ ಮಾಡ್ಯೂಲ್, ಮೊದಲು ತಂದದ್ದರಿಂದ ಖರ್ಚು ಹೆಚ್ಚಾಯಿತು.

ರಿಸೀವರ್ ಸೆಕೆಂಡಿಗೊಮ್ಮೆ ಹೊರಡಿಸುವ ಪಲ್ಸನ್ನು ಹಳೆಯ ರುಬಿಡಿಯಂ ಆಸಿಲೇಟರಿನ (ಒಂದು ಬಗೆಯ ಪರಮಾಣು ಗಡಿಯಾರ) ಪಲ್ಸಿನೊಂದಿಗೆ, ಸಮಯದ ಅಂತರ ಅಳೆಯುವ ಕೌಂಟರಿಗೆ ಕೊಟ್ಟು, ಎರಡರ ನಡುವಿನ ಅಂತರವನ್ನು ನ್ಯಾನೊಸೆಕೆಂಡುಗಳಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ದಾಖಲಿಸಿದೆ. ರುಬಿಡಿಯಂ ಕೂಡ ನಿಧಾನವಾಗಿ ಜಾರುತ್ತದೆಯಾದ್ದರಿಂದ ಅಷ್ಟನ್ನು ಕಳೆದೇ ಲೆಕ್ಕ ಹಾಕಿದ್ದೇನೆ.

ಯುಎಸ್‌ಬಿ ರಿಸೀವರಿಗೆ ಪಲ್ಸಿನ ತಂತಿಯೇ ಇಲ್ಲ. ಸಮಯ ಹೇಳುವ ಅದರ ಸಂದೇಶಗಳು ಹತ್ತಾರು ಮಿಲಿಸೆಕೆಂಡು ಹಿಂದುಮುಂದಾಗಿ ಬರುತ್ತವೆ.

ಆರು ನೂರು ರೂಪಾಯಿಯ ಸಾಮಾನ್ಯ ಮಾಡ್ಯೂಲಿಗೆ ಪಲ್ಸ್ ಇದೆ, ಬಯಲಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಸ್ಥಳವನ್ನೂ ಸಮಯವನ್ನೂ ಒಟ್ಟಿಗೆ ಕಂಡುಹಿಡಿಯಲು ಅದಕ್ಕೆ ನಾಲ್ಕು ಉಪಗ್ರಹಗಳು ಬೇಕು. ನಮ್ಮಲ್ಲಿ ಪಡುವಣ ದಿಕ್ಕಿಗೆ ಗುಡ್ಡ, ಉಳಿದ ಕಡೆ ಅಡಿಕೆ ಮರ. ಎಲೆಗಳು ನೆನೆದು ಸಿಗ್ನಲ್ ಕುಂದಿದಾಗಲೆಲ್ಲ ಅದರ ಸ್ಥಳದ ಲೆಕ್ಕ ಅಲುಗಾಡಿ, ಜೊತೆಗೆ ಪಲ್ಸೂ ಅಲುಗಾಡಿತು. ಟೈಮಿಂಗ್ ರಿಸೀವರಾದರೋ ಒಂದು ದಿನ ಸರ್ವೆ ಮಾಡಿ, ಅಂದರೆ ತಾನಿರುವ ಜಾಗವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆದು, ತನ್ನ ಸ್ಥಳವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಒಂದೇ ಉಪಗ್ರಹ ಕಂಡರೂ ಸಮಯ ಕೊಡುತ್ತದೆ.

ಆ ಗುಣವೇ ನನ್ನನ್ನು ಒಂದು ವಾರ ಕಾಡಿತು. ಆಷಾಢದ ಗಾಳಿಗೆ ಮಾಡಿನ ಮೇಲಿನ ಆಂಟೆನಾ ಕಂಬ ವಾಲಿತು. ಆಂಟೆನಾವನ್ನು ಹದಿನೈದು ಮೀಟರ್ ಆಚೆ, ನೀರಿನ ಟ್ಯಾಂಕಿನ ಮೇಲೆ ಕೂರಿಸಿದೆ. ದೀಪ ಎಂದಿನಂತೆ ಮಿನುಗುತ್ತಿತ್ತು, ದೋಷದ ಸೂಚನೆ ಒಂದೂ ಇರಲಿಲ್ಲ. ಕೌಂಟರಿನಲ್ಲಿ ಮಾತ್ರ ಪಲ್ಸ್ ದಿನವಿಡೀ ಇಪ್ಪತ್ತು ಮೂವತ್ತು ನ್ಯಾನೊಸೆಕೆಂಡು ಏರಿಳಿಯತೊಡಗಿತು.

ಕೋಣೆಯ ತಾಪಮಾನದ ಏರುಪೇರು ಇರಬಹುದೆಂದು ರುಬಿಡಿಯಂ ಪೆಟ್ಟಿಗೆಗೆ ಥರ್ಮೋಕೋಲ್ ಹೊದಿಸಿದೆ, ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ. ಆರು ದಿನಗಳ ದಾಖಲೆಗಳನ್ನು ಒಂದರ ಮೇಲೊಂದು ಇಟ್ಟಾಗ ಕಾರಣ ಹೊಳೆಯಿತು: ಅದೇ ಏರಿಳಿತ ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತ, ಆರನೆಯ ದಿನಕ್ಕೆ ಇಪ್ಪತ್ತು ನಿಮಿಷ ಮುಂಚಿತವಾಗಿತ್ತು. ಬಿಸಿಲು ತಂಪಿನಿಂದ ಆದದ್ದಾದರೆ ಅದು ಗಡಿಯಾರದ ಅದೇ ಹೊತ್ತಿಗೆ ಬರಬೇಕಿತ್ತು. ದಿನಕ್ಕೆ ನಾಲ್ಕು ನಿಮಿಷ ಬೇಗ ಬರುವುದು ಜಿಪಿಎಸ್ ಉಪಗ್ರಹಗಳ ನಡೆ. ರಿಸೀವರ್ ಇನ್ನೂ ಹಳೆಯ ಜಾಗವನ್ನೇ ನಂಬಿಕೊಂಡಿತ್ತು. ದೂರದಲ್ಲಿ ಮೂವತ್ತು ಸೆಂಟಿಮೀಟರ್ ತಪ್ಪಿದರೆ ಒಂದು ನ್ಯಾನೊಸೆಕೆಂಡು ತಪ್ಪುತ್ತದೆ. ಉಪಗ್ರಹ ಯಾವ ದಿಕ್ಕಿನಲ್ಲಿದೆ ಎಂಬುದರ ಮೇಲೆ ಆ ತಪ್ಪು ಹೆಚ್ಚುಕಡಿಮೆಯಾಗುತ್ತದೆ. ಹೊಸದಾಗಿ ಸರ್ವೆ ಮಾಡಿಸಿದ ಮರುದಿನ ಗೆರೆ ನೇರವಾಯಿತು.

ಕೇಬಲಿನ ವಿಳಂಬ, ಮೀಟರಿಗೆ ಸುಮಾರು ಐದು ನ್ಯಾನೊಸೆಕೆಂಡು, ಪಲ್ಸ್ ಇರುವ ಎರಡು ರಿಸೀವರಿಗೂ ಸಮಾನ, ಹಾಗಾಗಿ ಹೋಲಿಕೆಗೆ ಅಡ್ಡಿಯಿಲ್ಲ.

ಟೈಮಿಂಗ್ ರಿಸೀವರಿಗೆ ಏಳು ಸಾವಿರ ಕೊಟ್ಟೆ. ದಿನವೂ ಅಳತೆ ಬರೆದಿಡುವ ನನಗೆ ಅದು ದುಬಾರಿ ಎನಿಸಿಲ್ಲ. ಕಂಪ್ಯೂಟರಿನ ಗಡಿಯಾರ ಹೊಂದಿಸಲು ಮೈಕ್ರೊಸೆಕೆಂಡಿನ ನಿಖರತೆ ಸಾಕಾದ್ದರಿಂದ ಆರು ನೂರರ ಮಾಡ್ಯೂಲನ್ನು ಈಗ ಅದಕ್ಕೆ ಇಟ್ಟಿದ್ದೇನೆ.