ಅಂಗವಿಕಲ ಅರ್ಜಿ ನಾಮಂಜೂರಾದರೆ ಹೊಸ ಅರ್ಜಿ ಹಾಕಬೇಡಿ: ಪುಣೆಯ ಕನ್ನಡಿಗರಿಗೆ ಎಚ್ಚರಿಕೆ

ಯಾದಗಿರಿ ಕಡೆಯಿಂದ ಬಂದು ವಾರ್ಜೆಯಲ್ಲಿ ನೆಲೆಸಿದ ಗೌಂಡಿಯೊಬ್ಬರ ಅಂಗವಿಕಲ ಸರ್ಟಿಫಿಕೇಟಿನ ಅರ್ಜಿ ಕೆಟ್ಟ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ದಾರಿಯಲ್ಲಿ ಇನ್ನೂ ಎಷ್ಟೋ ಜನ ಬೀಳುತ್ತಿದ್ದಾರೆ.

ಕೆಲಸದ ಜಾಗದಲ್ಲಿ ಬಿದ್ದು ಅವರ ಕಾಲು ಮುರಿದಿತ್ತು. ಕಿವಿ ಮೊದಲಿಂದಲೇ ಮಂದ. ಆಸ್ಪತ್ರೆಯ ಮೂಳೆ ವಿಭಾಗ ಕಾಲಿಗೆ ಶೇ. 30 ಎಂದಿತು, ಕಿವಿ ವಿಭಾಗ ಶೇ. 20 ಎಂದಿತು. ಎರಡೂ ಸವಲತ್ತಿಗೆ ಬೇಕಾದ ಶೇ. 40ರ ಒಳಗೆ. ‘ನಿಮಗೆ ಬರಲ್ಲ’ ಎಂದು ಕೌಂಟರಿನಲ್ಲಿ ಬಾಯಿಮಾತಲ್ಲೇ ಹೇಳಿ ಕಳಿಸಿದರು. ಹೊರಗಿದ್ದ ಏಜೆಂಟ್ ‘ಇನ್ನೊಂದು ಅರ್ಜಿ ಹಾಕೋಣ, ಈ ಸಲ ಆಗುತ್ತೆ’ ಅಂದ, ದುಡ್ಡು ತಗೊಂಡ. ಅದೇ ಆಧಾರ್ ಸಂಖ್ಯೆಯ ಮೇಲೆ ಹಳೆಯ ಅರ್ಜಿ ದಾಖಲಾಗಿದ್ದರಿಂದ ಹೊಸದು ಮುಂದೆ ಸಾಗಲಿಲ್ಲ. ಅದಕ್ಕಾಗಿ ಕಾಯುತ್ತಾ ಮೇಲ್ಮನವಿಯ ಅವಧಿಯೂ ಕಳೆಯಿತು.

ನಿಜ ಹೇಳಬೇಕೆಂದರೆ ಅವರು 40 ದಾಟಿದ್ದರು. ಎರಡು ಬಗೆಯ ತೊಂದರೆ ಇದ್ದವರಿಗೆ ಒಟ್ಟು ಪ್ರಮಾಣ ಲೆಕ್ಕ ಹಾಕಲು ಕೇಂದ್ರದ ಮಾರ್ಗಸೂಚಿಯಲ್ಲಿ ಸೂತ್ರವಿದೆ. 90ರಿಂದ ದೊಡ್ಡ ಸಂಖ್ಯೆಯನ್ನು ಕಳೆಯಿರಿ, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿಸಿ. ಇವರ ಲೆಕ್ಕ: 60 × 20 ÷ 90 = 13.3, ಅದಕ್ಕೆ 30 ಕೂಡಿಸಿದರೆ ಶೇ. 43.3. ಆದರೆ ವಿಭಾಗಗಳು ತಾವಾಗಿಯೇ ಒಂದಕ್ಕೊಂದು ಕೂಡಿಸಿ ನೋಡುವುದಿಲ್ಲ. ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ತುಂಬುವಾಗಲೇ ಎರಡೂ ತೊಂದರೆ ನಮೂದಿಸಬೇಕು. ಬಹುವಿಧ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು ಎಂದು ಲಿಖಿತವಾಗಿಯೇ ಕೇಳಬೇಕು.

ಕಾಲಿನ ಶೇ. 30 ಕೂಡ ನಮಗೆ ಅನುಮಾನದ್ದೇ. ಕಾಲಿಗೆ ಕೀಲಿನ ಚಲನೆ ಮತ್ತು ಸ್ನಾಯುಬಲ ಒಂದು ಭಾಗ, ಸ್ಥಿರತೆ ಇನ್ನೊಂದು ಭಾಗ. ಸ್ಥಿರತೆ ನೋಡಲು ಮೆಟ್ಟಿಲು ಹತ್ತಿಸಬೇಕು, ಇಳಿಜಾರಿನಲ್ಲಿ ನಡೆಸಬೇಕು, ನೊಂದ ಕಾಲಿನ ಮೇಲೆ ನಿಲ್ಲಿಸಬೇಕು, ಕುಕ್ಕರಗಾಲಲ್ಲಿ ಕೂರಿಸಬೇಕು. ಗದ್ದಲದ ದಿನ ಕುರ್ಚಿಯಲ್ಲೇ ಕೂರಿಸಿ ಮೊಣಕಾಲು ಮಡಿಸಿ ನೋಡಿ ಮುಗಿಸಿಬಿಟ್ಟರೆ ಪ್ರಮಾಣ ಕಡಿಮೆ ಬರದೆ ಇನ್ನೇನು? ಏನೇನು ಪರೀಕ್ಷೆ ಮಾಡಿದರು ಎಂಬುದನ್ನು ಆವತ್ತೇ ಮನೆಗೆ ಬಂದು ಬರೆದಿಡಿ. ಮೇಲ್ಮನವಿಗೆ ಅದೇ ಆಧಾರ.

ಮೇಲ್ಮನವಿ ಹಾಕಲು ನಿರಾಕರಣೆ ಕಾಗದದ ಮೇಲೆ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಮು ಮೇಲ್ಮನವಿಯ ಹಕ್ಕು ಕೊಡುತ್ತದೆ. ಅರ್ಹರಲ್ಲ ಎಂದಾದರೆ ಕಾರಣ ಬರೆದು ತಿಳಿಸಲು 2017ರ ನಿಯಮಗಳಲ್ಲಿ ನಮೂನೆ 8 ಎಂದೇ ಇದೆ. ಕೊಡದಿದ್ದರೆ ಸಿವಿಲ್ ಸರ್ಜನ್ ಹೆಸರಿಗೆ ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಆವಕದ ಶಿಕ್ಕಾ (ಅರ್ಜಿ ಸ್ವೀಕರಿಸಿದ ಮುದ್ರೆ), ತಾರೀಖು ಹಾಕಿಸಿಕೊಳ್ಳಿ. ಜೊತೆಗೇ ತಪಾಸಣಾ ಹಾಳೆಯ ನಕಲಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮರಾಠಿ, ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಲಿ.

ಮೇಲ್ಮನವಿಯಲ್ಲಿ ಬಡತನ, ಮಕ್ಕಳ ಫೀಸು ಬರೆಸಿಕೊಂಡು ಬರುವವರೇ ಹೆಚ್ಚು. ಆ ಕಷ್ಟ ಸುಳ್ಳಲ್ಲ, ಆದರೆ ವೈದ್ಯರ ಮಂಡಳಿ ತೀರ್ಮಾನಿಸುವುದು ಅಳತೆಯನ್ನಷ್ಟೆ. ಯಾವ ಪರೀಕ್ಷೆ ಬಿಟ್ಟುಹೋಯಿತು, ಯಾವ ಸಂಖ್ಯೆ ಕೂಡಿಸಲಿಲ್ಲ, ಮರುತಪಾಸಣೆ ಬೇಕು ಎಂಬುದನ್ನೇ ಬರೆಯಿರಿ. ತಾರೀಖಿರುವ ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡ್, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಲಗತ್ತಿಸಿ.

ಸರ್ಟಿಫಿಕೇಟ್ ಸಿಕ್ಕ ಮೇಲೂ ರಾಜ್ಯ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಸಂಜಯ್ ಗಾಂಧಿ ನಿರಾಧಾರ ಅನುದಾನಕ್ಕೆ ತಹಶೀಲ್ದಾರ್ ಕಚೇರಿ ದಾಟಬೇಕು. ಅಲ್ಲಿ ನಮ್ಮವರು ಎಡವುವುದು ಡೊಮಿಸೈಲ್‌ನಲ್ಲಿ, ಅಂದರೆ ಮಹಾರಾಷ್ಟ್ರದಲ್ಲಿ 15 ವರ್ಷದ ವಾಸದ ಪುರಾವೆಯಲ್ಲಿ. ಬಾಡಿಗೆ ಮನೆ ಬದಲಿಸುತ್ತಾ ಬಂದವರ ಹತ್ತಿರ ಲೈಟ್ ಬಿಲ್ ಇರುವುದಿಲ್ಲ. ಹಳೆಯ ಮತದಾರರ ಪಟ್ಟಿಯ ನಕಲು, ರೇಷನ್ ಕಾರ್ಡ್, ಮಕ್ಕಳ ಶಾಲೆಯ ದಾಖಲೆ ಹುಡುಕಿ. ಮಹಾರಾಷ್ಟ್ರದೊಳಗೇ ಇರುವ ಅಕ್ಕಲಕೋಟ, ಜತ್ ಕಡೆಯವರಿಗೆ ಈ ತೊಡಕಿಲ್ಲ. ಆದರೆ ಶಾಲೆಯ ದಾಖಲೆ ಕನ್ನಡದಲ್ಲಿದ್ದರೆ ಮರಾಠಿ ಅನುವಾದ ಜೊತೆಗಿಡಿ. ಡೊಮಿಸೈಲ್ ನಿರಾಕರಿಸಿದರೆ 2015ರ ಸೇವಾ ಹಕ್ಕು ಕಾಯ್ದೆಯಂತೆ 30 ದಿನದೊಳಗೆ ಮೊದಲ ಅಪೀಲು. ಯಾರಿಗೆ ಅಪೀಲು ಮಾಡಬೇಕೆಂಬುದನ್ನು ಅಧಿಕಾರಿಯೇ ಲಿಖಿತವಾಗಿ ತಿಳಿಸಬೇಕು.

ಕರ್ನಾಟಕದಲ್ಲೇ ಮಾಡಿಸಿದ ಅಂಗವಿಕಲ ಸರ್ಟಿಫಿಕೇಟ್ ಇದ್ದರೆ ಅದು ದೇಶವೆಲ್ಲ ನಡೆಯುತ್ತದೆ. ಏಜೆಂಟ್ ‘ರೆಡಿ ಸರ್ಟಿಫಿಕೇಟ್’ ಕೊಡ್ತೀನಿ ಎಂದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ದಾಖಲೆಯಿಂದ ಸವಲತ್ತು ಪಡೆದರೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಕಲಮಿನಡಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಿಕ್ಕಿಬೀಳುವುದು ಅವನಲ್ಲ, ನೀವು.

ಮೇಲ್ಮನವಿ ಬರೆಯಲು ವಕೀಲರಿಗೆ ದುಡ್ಡು ಕೊಡಬೇಕಿಲ್ಲ. ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕಚೇರಿಗಳು ಉತ್ತರವನ್ನೇ ಕೊಡದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರ ಕಚೇರಿ ಪುಣೆಯಲ್ಲೇ ಇದೆ. ಶಿಕ್ಕಾ ಬಿದ್ದ ಪ್ರತಿಗಳ ಝೆರಾಕ್ಸ್ ಇಟ್ಟು ಅಲ್ಲಿ ದೂರು ಕೊಡಿ. ಆಯುಕ್ತರು ಶಿಫಾರಸು ಮಾಡಿದರೆ ಏನು ಕ್ರಮ ಕೈಗೊಂಡೆವು ಎಂದು ಆ ಕಚೇರಿ 3 ತಿಂಗಳೊಳಗೆ ತಿಳಿಸಬೇಕಾಗುತ್ತದೆ.