ಮೆರಿನೊ ಅಂದರೆ ಉಣ್ಣೆ ಅಲ್ವಂತೆ! ಥರ್ಮಲ್ ತಗೊಳ್ಳುವ ಮುಂಚೆ ಓದಿ

ಚಳಿಗಾಲದಲ್ಲಿ ಹಿಮಾಲಯದ ಟ್ರೆಕ್ಕಿಗೆ ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ನಾನು ಮೋಸ ಹೋದೆ. ಅದೂ ಎಲ್ಲ ಗೊತ್ತಿದ್ದೂ ಮೋಸ ಹೋದೆ, ಅದೇ ಹೊಟ್ಟೆ ಉರಿ.

ಕಳೆದ ಡಿಸೆಂಬರಿನಲ್ಲಿ ನಾನು, ನನ್ನ ಭಾಮೈದ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗಿದ್ದೆವು. ಮೈಗೆ ತಾಗುವ ಬಟ್ಟೆ ಕಾಟನ್ ಇರಬಾರದು, ಬೆವರು ಕುಡಿದು ಒದ್ದೆಯಾಗೇ ಕೂತುಬಿಡುತ್ತೆ, ಪಾಲಿಯೆಸ್ಟರ್ ಇಲ್ಲವೇ ಮೆರಿನೊ ಉಣ್ಣೆ (ಮೆರಿನೊ ಅನ್ನೋ ಕುರಿಯ ನವಿರಾದ ಉಣ್ಣೆ) ತಗೊಳ್ಳಿ ಅಂತ ಗುಂಪಿನವರಿಗೆಲ್ಲ ವಾಟ್ಸಾಪಿನಲ್ಲಿ ಪಾಠ ಮಾಡಿದವನೇ ನಾನು. ಆ ಮೆಸೇಜ್ ಇನ್ನೂ ಅಲ್ಲೇ ಇದೆ.

ಬೆಂಗಳೂರಿನಲ್ಲೇ ಒಂದು ಟ್ರೆಕಿಂಗ್ ಸಾಮಾನಿನ ಅಂಗಡಿ. ಥರ್ಮಲ್, ಅಂದರೆ ಚಳಿಗೆ ಮೈಗಂಟಿ ಒಳಗೆ ಹಾಕುವ ಅಂಗಿ-ಪ್ಯಾಂಟು, ಕೇಳಿದೆ. "ಮೆರಿನೊ ಇದೆ ಸರ್, ಸೆಟ್ಟಿಗೆ 2,400" ಅಂದ. ಅಸಲಿ ಮೆರಿನೊ ಮೇಲೆ ಕೆಳಗೆ ಎರಡೂ ಸೇರಿ ಆ ರೇಟಿಗೆ ಎಲ್ಲಿ ಬರುತ್ತೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಿತು ಕೂಡ! ಆದರೆ ಆಸೆ. ಕಾಲರಿನ ಒಳಗೆ ನೋಡಿದೆ. ಲೇಬಲ್ ಇರಬೇಕಾದ ಕಡೆ ಕತ್ತರಿ ಆಡಿಸಿ ಉಳಿದ ಅರ್ಧ ಇಂಚಿನ ಬಿಳಿ ಅಂಚು ಮಾತ್ರ. ಕೇಳಿದ್ದಕ್ಕೆ "ಕತ್ತಿಗೆ ಚುಚ್ಚುತ್ತೆ ಅಂತಾರೆ ಸರ್, ನಾವೇ ತೆಗೆದುಬಿಡ್ತೀವಿ" ಅಂದ. ಪಾಪ, ಎಷ್ಟು ಕಾಳಜಿ ಅಂದುಕೊಂಡು ಎರಡು ಸೆಟ್ ತಗೊಂಡೆ. ಕಾಳಜಿ ಅಂತೆ ಕಾಳಜಿ!

ಶಿಖರಕ್ಕೆ ಬೆಳಗಿನ ಜಾವ ಮೂರಕ್ಕೇ ಹೊರಟೆವು. ಸುಮಾರು 12,500 ಅಡಿ, ಹಿಮ, ಕಡಿದಾದ ಏರು. ನನಗೆ ಮೊದಲೇ ಬೆವರು ಜಾಸ್ತಿ, ಒಂದು ಗಂಟೆಯಲ್ಲಿ ಬೆನ್ನು ತೊಯ್ದು ಹೋಯಿತು. ನಡೆಯುವಾಗ ಏನೂ ಅನ್ನಿಸಲಿಲ್ಲ. ದಾರಿಯ ಟೀ ಅಂಗಡಿ ಹತ್ತಿರ ಹತ್ತು ನಿಮಿಷ ನಿಂತೆವು ನೋಡಿ, ಬೆನ್ನಿಗೆ ಒದ್ದೆ ಗೋಣಿಚೀಲ ಹೊದಿಸಿದ ಹಾಗಾಯಿತು. ಹಲ್ಲು ಕಟಕಟ. ಗ್ಲೌಸ್ ಹಾಕಿಕೊಳ್ಳೋಕೂ ಬೆರಳು ಬಗ್ಗಲಿಲ್ಲ. ಗೈಡ್ ನನ್ನ ಜಾಕೆಟ್ಟಿನೊಳಗೆ ಕೈ ಹಾಕಿ ನೋಡಿದ, ಟಾರ್ಪಾಲಿನ ಹಿಂದೆ ಎಳೆದುಕೊಂಡು ಹೋಗಿ ಎಲ್ಲ ಬಿಚ್ಚಿಸಿ, ಬ್ಯಾಗಿನಲ್ಲಿದ್ದ 300 ರೂಪಾಯಿಯ ಜಿಮ್ ಟೀಶರ್ಟ್ ಹಾಕಿಸಿದ. ಅದು ಬರೀ ಪಾಲಿಯೆಸ್ಟರ್, ಅದೇ ನನ್ನನ್ನು ಕಾಪಾಡಿದ್ದು. ಅಲ್ಲಿಂದಲೇ ಕೆಳಗೆ ಕಳಿಸಿದರು. ಭಾಮೈದ ಮೇಲೆ ಹೋಗಿ ಫೋಟೋ ತೆಗೆಸಿಕೊಂಡು ಬಂದ.

ಸಂಜೆ ಕ್ಯಾಂಪಿನಲ್ಲಿ ಗೈಡ್ ಅಂಗಿಯ ಹೊಲಿಗೆ ಹತ್ತಿರದಿಂದ ಬಟ್ಟೆಯ ಒಂದು ಎಳೆ ಕಿತ್ತು ಲೈಟರ್ ಹಿಡಿದ. ಕಾಗದ ಸುಟ್ಟ ವಾಸನೆ. ತುದಿಯಲ್ಲಿ ಕಪ್ಪಗೆ, ಗಟ್ಟಿಯಾದ ಸಣ್ಣ ಮಣಿ. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಕಾಗದದ ವಾಸನೆ ಕಾಟನ್ನಿನದು, ಗಟ್ಟಿ ಮಣಿ ಪಾಲಿಯೆಸ್ಟರಿನದು. ಅಂದರೆ ಇದು ಕಾಟನ್ನಿಗೆ ಪಾಲಿಯೆಸ್ಟರ್ ಬೆರೆಸಿದ ಮಾಲು. ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಊರಿಗೆ ಬಂದು ಅಂಗಡಿಯವನಿಗೆ ಮೆಸೇಜ್ ಹಾಕಿದೆ. ಮೊದಲ ಉತ್ತರ: "ಚಳಿ ಒಬ್ಬೊಬ್ಬರಿಗೆ ಒಂದೊಂದು ತರ ಸರ್." ಆಮೇಲೆ: "ನಿಮ್ಮ ಜೊತೆಯವರಿಗೆ ಏನೂ ಆಗಲಿಲ್ಲ ಅಲ್ವಾ ಸರ್?" ಎಳೆ ಸುಟ್ಟ ವಿಡಿಯೋ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಆಮೇಲೆ ಬಂತು ನೋಡಿ ಉತ್ತರ: "ಮೆರಿನೊ ಅನ್ನೋದು ಮಾಡೆಲ್ ಹೆಸರು ಸರ್, ಬಟ್ಟೆ ಅಲ್ಲ. ಮಂಗಳೂರು ಬಜ್ಜಿ ಮಂಗಳೂರಿಂದ ಬರುತ್ತಾ?" ಮಾಡೆಲ್ ಹೆಸರಂತೆ! ಅದನ್ನು ನಾಲ್ಕು ಸಲ ಓದಿದೆ. ಬಿಲ್ ತೆಗೆದು ನೋಡಿದರೆ "ಥರ್ಮಲ್ ಸೆಟ್ 2" ಅಂತ ಮಾತ್ರ ಇದೆ, ಮೆರಿನೊ ಅನ್ನೋ ಶಬ್ದವೇ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಆದರೆ ಈ ಬಿಲ್ ಇಟ್ಟುಕೊಂಡು ಏನು ವಾದ ಮಾಡಲಿ?

ಲೇಬಲ್ ಕಿತ್ತಿದ್ದರೆ ಮುಟ್ಟಲೇಬೇಡಿ, ಯಾವ ಕಥೆ ಹೇಳಿದರೂ. ಎಷ್ಟು ಪರ್ಸೆಂಟ್ ಉಣ್ಣೆ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ದುಡ್ಡು ಕಮ್ಮಿಯಿದ್ದರೆ ಸುಮ್ನೆ ಒಳ್ಳೆ ಪಾಲಿಯೆಸ್ಟರ್ ತಗೊಳ್ಳಿ, ವಾಸನೆ ಬರುತ್ತೆ ಅಷ್ಟೇ, ಒಣಗುತ್ತೆ. ಒಣಗಿದ ಇನ್ನೊಂದು ಅಂಗಿ ಬ್ಯಾಗಿನಲ್ಲಿ ಇರಲೇಬೇಕು.

ಭಾಮೈದ ಆ ಸೆಟ್ಟನ್ನು ಈಗ ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಾನೆ. "ಚೆನ್ನಾಗೇ ಇದೆಯಲ್ಲ ಭಾವ" ಅಂತಾನೆ.